ಗಣಿ ಡಂಪ್ ಮೇಲೆ ಗಿಡ ಬದುಕಬೇಕಾದ್ರೆ ಸಸಿಗಿಂತ ಮೊದಲು ಮಾಡಬೇಕಾದ ಕೆಲಸಗಳು

ಡಂಪ್, ಅಂದ್ರೆ ಗಣಿಯಿಂದ ಅಗೆದು ಸುರಿದ ಕಲ್ಲುಮಣ್ಣಿನ ಗುಡ್ಡೆ, ಹತ್ತುವಾಗ ಮೊದಲ ದಿನ ಸಸಿ ತಗೊಂಡು ಹೋಗಬೇಡಿ. ಒಂದು ಹಾರೆ, ಒಂದು ಕೊಡ ನೀರು ತಗೊಂಡು ಹೋಗಿ. ಮೇಲಿನ ಸಮತಟ್ಟಾದ ಜಾಗದಲ್ಲಿ ಒಂದಡಿ ಉದ್ದ, ಒಂದಡಿ ಅಗಲ, ಒಂದಡಿ ಆಳದ ಗುಂಡಿ ತೋಡಿ. ಕೊಡದ ನೀರು ಸುರಿದು ಪಕ್ಕದಲ್ಲೇ ಕೂತು ನೋಡಿ. ಡಂಪರ್ ಓಡಾಡಿದ ಜಾಗವಾಗಿದ್ದರೆ ಗಂಟೆ ಕಳೆದರೂ ನೀರು ಹಾಗೇ ನಿಂತಿರುತ್ತದೆ. ಅದೇ ಗುಂಡಿಯನ್ನು ಪಕ್ಕದ ಇಳಿಜಾರಿನಲ್ಲಿ ತೋಡಿ ನೋಡಿ, ಕೆಲವೇ ನಿಮಿಷದಲ್ಲಿ ನೀರು ಕಲ್ಲಿನ ಸಂದಿಯಲ್ಲಿ ಮಾಯವಾಗುತ್ತದೆ. ಗುಡ್ಡೆ ಒಂದೇ, ಕಾಯಿಲೆ ಎರಡು. ಒಂದು ಕಡೆ ನೀರು ಒಳಗೆ ಇಳಿಯುವುದಿಲ್ಲ, ಇನ್ನೊಂದು ಕಡೆ ಒಳಗೆ ನಿಲ್ಲುವುದಿಲ್ಲ. ಎರಡೂ ಕಡೆ ಒಂದೇ ಥರ ಗುಂಡಿ ತೆಗೆದು ಒಂದೇ ಥರ ಸಸಿ ಊರಿದರೆ ಏನಾಗುತ್ತದೆ ಅಂತ ಊಹಿಸಬಹುದು, ಅಲ್ವಾ?

ನಾನು ಇಲ್ಲಿ ಬರೆಯುತ್ತಿರುವುದು ಸಂಡೂರು, ಹೊಸಪೇಟೆ ಕಡೆಯ ಕಬ್ಬಿಣದ ಅದಿರಿನ ಗಣಿಗಳ ಮಣ್ಣನ್ನು ಮನಸ್ಸಿನಲ್ಲಿಟ್ಟುಕೊಂಡು. ಚಿತ್ರದುರ್ಗ, ತುಮಕೂರು ಕಡೆಯ ಗಣಿ ಊರುಗಳಿಗೂ, ಊರ ಹೊರಗೆ ಗರಸು ತೆಗೆದು ಬಿಟ್ಟು ಹೋದ ಹಳ್ಳಗಳಿಗೂ ಬಹುಪಾಲು ಇದೇ ಹೊಂದುತ್ತದೆ. ಸುಪ್ರೀಂ ಕೋರ್ಟ್ 2011ರ ಜುಲೈ 29ರಂದು ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಮುಂದಿನ ತಿಂಗಳೇ ಆ ಆದೇಶ ಚಿತ್ರದುರ್ಗ, ತುಮಕೂರಿಗೂ ಬಂತು. 2013ರ ಏಪ್ರಿಲ್‌ನಲ್ಲಿ ಮತ್ತೆ ಗಣಿ ತೆರೆಯಲು ಒಪ್ಪಿಗೆ ಕೊಟ್ಟಾಗ ಒಂದು ಷರತ್ತು ಹಾಕಿತು. ಪ್ರತಿ ಗಣಿಗೂ ಹಾಳಾದ ನೆಲವನ್ನು ಸರಿಪಡಿಸುವ ಯೋಜನೆ ಇರಬೇಕು, ಅದರ ಪ್ರಕಾರ ಕೆಲಸ ನಡೆಯಬೇಕು. ಅಂದ್ರೆ ಡಂಪಿಗೆ ಹಸಿರು ತರುವುದು ಗಣಿಯವರು ಕೃಪೆಯಿಂದ ಮಾಡುವ ಕೆಲಸ ಅಲ್ಲ, ಅವರ ಹೊಣೆ. ಇನ್ನೂ ಒಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. 2020ರ ಜನವರಿಯಲ್ಲಿ ಇದೇ ಕೋರ್ಟ್, ಗಣಿ ಮುಗಿದ ಜಾಗದಲ್ಲಿ ದನಕರುಗಳಿಗೆ ಮೇವಾಗುವಂತೆ ಮತ್ತೆ ಹುಲ್ಲು ಬೆಳೆಸಬೇಕು ಅನ್ನುವ ಷರತ್ತನ್ನು ಗಣಿ ಗುತ್ತಿಗೆಗಳಲ್ಲಿ ಸೇರಿಸಿ ಅಂತ ಕೇಂದ್ರ ಸರ್ಕಾರಕ್ಕೆ ಹೇಳಿತು. ಹುಲ್ಲು ಅನ್ನುವ ಆ ಪದವನ್ನು ನೆನಪಿಟ್ಟುಕೊಳ್ಳಿ. ಮುಂದೆ ಮತ್ತೆ ಬರುತ್ತದೆ.

ಜಾಗ ಯಾರದು ಅಂತ ತಿಳಿದುಕೊಳ್ಳಿ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ನಡೆಯುತ್ತಿರುವ ಗಣಿಯೊಳಗೆ ನೀವಾಗಿಯೇ ಹೋಗಿ ಕೆಲಸ ಮಾಡುವಂತಿಲ್ಲ. ಅರಣ್ಯ ಭೂಮಿಯಾದರೆ ಇಲಾಖೆಯ ಒಪ್ಪಿಗೆ ಬೇಕು. ಗೋಮಾಳವಾದರೆ ಪಂಚಾಯಿತಿಯಲ್ಲಿ ಮಾತಾಡಿ. ಸ್ವಂತ ಹೊಲವಾದರೆ ಯಾರನ್ನೂ ಕೇಳಬೇಕಿಲ್ಲ. ಗಣಿ ಬಾಧಿತ ಊರುಗಳಿಗಾಗಿ 2015ರ ಕಾನೂನು ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ನಿಧಿ ಇದೆ, ಗ್ರಾಮ ಸಭೆಯಲ್ಲಿ ಬೇಡಿಕೆ ಬರೆಸಿ ಆ ಹಣ ಕೇಳಬಹುದು. ಕೇಳುವಾಗ "ಗಿಡ ನೆಡಲು" ಅಂತ ಮಾತ್ರ ಬರೆಸಬೇಡಿ. "ಮೂರು ವರ್ಷದ ನಿರ್ವಹಣೆ, ನೀರು, ಬೇಲಿ ಸೇರಿ" ಅಂತ ಬರೆಸಿ. ಈ ಒಂದು ಸಾಲು ಬಿಟ್ಟುಹೋಗಿದ್ದಕ್ಕೆ ಎಷ್ಟೋ ಕಡೆ ಮೊದಲ ಬೇಸಿಗೆಯಲ್ಲೇ ಎಲ್ಲಾ ಒಣಗಿದೆ.

ಮತ್ತೊಂದು ಮಾತು, ಜೀವದ ವಿಷಯ. ಡಂಪಿನ ಅಂಚಿನಲ್ಲಿ ಬಿರುಕು ಕಂಡರೆ ಅದರ ಹತ್ತಿರ ಹೋಗಬೇಡಿ. ಮಳೆ ಬರುವಾಗ ಇಳಿಜಾರಿನ ಬುಡದಲ್ಲಿ ನಿಲ್ಲಬೇಡಿ. ಹಳೆಯ ಗಣಿ ಹೊಂಡದಲ್ಲಿ ನೀರು ನಿಂತಿದ್ದರೆ ಮಕ್ಕಳನ್ನು ಕರೆದುಕೊಂಡು ಹೋಗಲೇಬೇಡಿ.

ಮಣ್ಣು ಏನು ಹೇಳುತ್ತದೆ

ಡಂಪಿನ ಕೆಂಪನ್ನು ನೋಡಿ ಅದು ಕೆಂಪು ಮಣ್ಣು ಅಂದುಕೊಳ್ಳಬೇಡಿ. ಅದಿರು ಸಿಗಲಿ ಅಂತ ಆಳದಿಂದ ಅಗೆದು ಎಸೆದ ಕಲ್ಲು, ಪುಡಿ, ಜೇಡಿ ಅದು. ಗುಡ್ಡದ ಮೇಲಿದ್ದ ಒಂದು ಗೇಣು ಮೇಲ್ಮಣ್ಣು ಎಲ್ಲಕ್ಕಿಂತ ಅಡಿಗೆ ಸೇರಿಹೋಗಿದೆ. ಒಂದು ಹಿಡಿ ತಗೊಂಡು ನೀರು ಹಾಕಿ ಹಿಸುಕಿ ನೋಡಿ. ಬೆರಳಿಗೆ ಬಣ್ಣ ಹತ್ತುತ್ತದೆ, ಆದರೆ ಉಂಡೆ ಕಟ್ಟಿದರೆ ಅಂಚು ಒಡೆಯುತ್ತದೆ. ಮೂಗಿನ ಹತ್ತಿರ ಹಿಡಿದರೆ ಮೊದಲ ಮಳೆಗೆ ಹೊಲ ಕೊಡುವ ಆ ವಾಸನೆ ಇಲ್ಲ. ಎರೆಹುಳು ಇಲ್ಲ, ಬೇರಿನ ಚೂರಿಲ್ಲ, ಗೆದ್ದಲು ಸಹ ಇಲ್ಲ. ಮೇ ತಿಂಗಳ ಮಧ್ಯಾಹ್ನ ಚಪ್ಪಲಿ ಬಿಟ್ಟು ಎರಡು ಹೆಜ್ಜೆ ಇಟ್ಟು ನೋಡಿದರೆ ಗೊತ್ತಾಗುತ್ತದೆ, ಎಳೆ ಬೇರು ಅಲ್ಲಿ ಯಾಕೆ ಉಳಿಯುವುದಿಲ್ಲ ಅಂತ.

ಐದಾರು ಕಡೆಯಿಂದ ಒಂದು ಗೇಣು ಆಳದ ಮಣ್ಣು ತೆಗೆದು, ಬೆರೆಸಿ, ಅರ್ಧ ಕೆಜಿ ಮಣ್ಣನ್ನು ಪರೀಕ್ಷೆಗೆ ಕೊಡಿ. ಬಳ್ಳಾರಿ ಕಡೆಯವರಿಗೆ ಹಗರಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ರಸಸಾರ (ಪಿಎಚ್), ಸಾವಯವ ಇಂಗಾಲ, ರಂಜಕ ಈ ಮೂರನ್ನು ಮುಖ್ಯವಾಗಿ ನೋಡಿ. ಸಾವಯವ ಇಂಗಾಲ ಶೇ. 0.5ಕ್ಕಿಂತ ಕಡಿಮೆ ಇದ್ದರೆ ಹೊಲದಲ್ಲೇ ಕೊರತೆ ಅಂತಾರೆ. ಡಂಪಿನಲ್ಲಿ ಅದಕ್ಕಿಂತಲೂ ತೀರಾ ಕಡಿಮೆ ಬಂದರೆ ಆಶ್ಚರ್ಯ ಬೇಡ. ರಂಜಕದ ಕಥೆ ಬೇರೆ. ಕಬ್ಬಿಣದ ಅಂಶ ಜಾಸ್ತಿ ಇರುವ ಮಣ್ಣು ರಂಜಕವನ್ನು ಹಿಡಿದುಕೊಂಡು ಬೇರಿಗೆ ಬಿಡುವುದಿಲ್ಲ. ಅದಕ್ಕೇ ರಂಜಕದ ಗೊಬ್ಬರ ಅಂತ ಡಿಎಪಿ ಚೀಲ ತಂದು ಸುರಿದರೆ ದುಡ್ಡು ಮಣ್ಣುಪಾಲು. ಹಿಡಿದುಕೊಂಡ ರಂಜಕವನ್ನು ಬೇರಿಗೆ ಮುಟ್ಟಿಸಲು ಬೇರಿನ ಜೊತೆ ಬಾಳುವ ಶಿಲೀಂಧ್ರ, ಅಂದ್ರೆ ಮೈಕೊರೈಜಾ ಬೇಕು. ಅದನ್ನು ಪ್ಯಾಕೆಟ್‌ನಲ್ಲಿ ಕೊಳ್ಳಬಹುದು. ನನ್ನ ಕೇಳಿದರೆ, ಹತ್ತಿರದ ಹಾಳಾಗದ ಗುಡ್ಡದಲ್ಲಿ ಬಂದರಿ ಗಿಡದ ಬುಡದಿಂದ ನಾಲ್ಕು ಪುಟ್ಟಿ ಮಣ್ಣು ತಂದು ಗೊಬ್ಬರದ ಜೊತೆ ಬೆರೆಸುವುದೇ ಒಳ್ಳೆಯದು. ಆ ಮಣ್ಣಲ್ಲಿ ಶಿಲೀಂಧ್ರವೂ ಇರುತ್ತದೆ, ಹುಲ್ಲಿನ ಬೀಜವೂ ಇರುತ್ತದೆ. ಅದು ಅರಣ್ಯವಾದರೆ ಇಲಾಖೆಯವರನ್ನು ಕೇಳಿಯೇ ತನ್ನಿ, ಒಂದೇ ಜಾಗದಲ್ಲಿ ಬಗೆಯಬೇಡಿ. ಒಂದೊಂದು ಗಿಡದ ಬುಡದಲ್ಲಿ ಒಂದೊಂದು ಬೊಗಸೆ ಸಾಕು.

ಒಂದು ಎಚ್ಚರಿಕೆ. ಇದೆಲ್ಲ ಕಬ್ಬಿಣದ ಅದಿರಿನ ಮಣ್ಣಿಗೆ ಹೇಳಿದ್ದು. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಚಿನ್ನ ತೆಗೆದ ಮೇಲೆ ಉಳಿದ ಪುಡಿ ಸುರಿದ ಅಲ್ಲಿನ ಸಯನೈಡ್ ಗುಡ್ಡಗಳಂಥ ಜಾಗದಲ್ಲಿ ಪ್ರಯೋಗಾಲಯದ ಪೂರ್ತಿ ವರದಿ ಇಲ್ಲದೆ ಕೈ ಹಾಕಬೇಡಿ, ಹಣ್ಣಿನ ಗಿಡವಂತೂ ಬೇಡವೇ ಬೇಡ. ಕುದುರೆಮುಖದಲ್ಲಿ ಗಣಿ 2005ರ ಕೊನೆಗೆ ನಿಂತಿತು. ಅಲ್ಲಿನ ಗುಡ್ಡಗಳ ಮೂಲ ರೂಪ ಹುಲ್ಲುಗಾವಲು, ಕಣಿವೆಯಲ್ಲಿ ಶೋಲಾ ಕಾಡು. ಅಲ್ಲಿ ಗುಡ್ಡದ ನೆತ್ತಿಯಲ್ಲಿ ಮರ ನೆಟ್ಟರೆ ಅದು ಇನ್ನೊಂದು ಹಾನಿ. ನೆಲ ಮೊದಲು ಏನಾಗಿತ್ತು ಅಂತ ಊರಿನ ಹಿರಿಯರನ್ನು ಕೇಳದೆ ಯಾವ ಜಾಗದಲ್ಲೂ ಶುರು ಮಾಡಬೇಡಿ.

ನೀರನ್ನು ನಿಲ್ಲಿಸುವುದು

ಇಡೀ ಕೆಲಸದ ಬೆನ್ನೆಲುಬು ಇದು, ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಒಂದು ಎಕರೆ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 80,000 ಲೀಟರ್ ನೀರು. ಹದಿನಾರು ಟ್ಯಾಂಕರ್ ಲೆಕ್ಕ. ಬೋಳು ಡಂಪಿನ ಮೇಲೆ ಅದರಲ್ಲಿ ಬಹುಪಾಲು ಅರ್ಧ ಗಂಟೆಯಲ್ಲಿ ಕೆಂಪಗೆ ಹರಿದು ಹಳ್ಳ ಸೇರುತ್ತದೆ. ಹೋಗುವಾಗ ಕೆಳಗಿನ ಹೊಲದ ಮೇಲೆ, ಕೆರೆಯೊಳಗೆ ಕೆಸರು ಬಿಟ್ಟು ಹೋಗುತ್ತದೆ. ಇಲ್ಲಿ ಗಿಡಕ್ಕೆ ಬೇಕಾದ ನೀರು ಮತ್ತು ಕೆಳಗಿನ ರೈತನಿಗೆ ಬೇಡವಾದ ನೀರು ಒಂದೇ. ಅದನ್ನು ಮೇಲೆಯೇ ಹಿಡಿದರೆ ಇಬ್ಬರ ಕಷ್ಟವೂ ತೀರುತ್ತದೆ.

ಇಳಿಜಾರು ಮೊದಲು. ಲಾರಿಯಿಂದ ಸುರಿದ ಮಣ್ಣು ತಾನಾಗಿಯೇ ನಿಲ್ಲುವ ಇಳಿಜಾರು ಬಹಳ ಕಡಿದು, ಮನುಷ್ಯ ನೆಟ್ಟಗೆ ಹತ್ತಲಾರ. ಅಂಥ ಕಡೆ ಯಾವ ಬೀಜವೂ ನಿಲ್ಲುವುದಿಲ್ಲ. ಒಂದಡಿ ಎತ್ತರಕ್ಕೆ ಎರಡಡಿ ಅಡ್ಡ ಬರುವಷ್ಟು ಇಳಿಜಾರನ್ನು ಮಲಗಿಸಬೇಕು. ಅದಕ್ಕಿಂತ ಮಲಗಿದ್ದರೆ ಇನ್ನೂ ಒಳ್ಳೆಯದು. ಎತ್ತರದ ಡಂಪಾದರೆ ಮೆಟ್ಟಿಲು ಮೆಟ್ಟಿಲಾಗಿ ಬೆಂಚ್ ಕಡಿಸಬೇಕು, ಪ್ರತಿ ಬೆಂಚ್ ಒಳಮುಖವಾಗಿ ಸ್ವಲ್ಪ ವಾಲಿರಬೇಕು, ಹೊರ ಅಂಚಿಗೆ ಮೊಣಕಾಲೆತ್ತರದ ಬದು ಇರಬೇಕು. ಬುಡದಲ್ಲಿ ಕಲ್ಲಿನ ಗೋಡೆ, ಅದರ ಹಿಂದೆ ನೀರು ಸುತ್ತಿ ಹರಿಯುವ ಕಾಲುವೆ, ಕಾಲುವೆಯ ಕೊನೆಗೆ ಕೆಸರು ತಂಗುವ ಗುಂಡಿ. ಇಷ್ಟು ಯಂತ್ರದ ಕೆಲಸ, ಎಂಜಿನಿಯರ್ ನೋಡಿಯೇ ಆಗಬೇಕು. ಜೆಸಿಬಿ ಬಂದ ದಿನವೇ ಮೇಲಿನ ಗಟ್ಟಿ ನೆಲವನ್ನೂ ಒಂದೂವರೆ ಎರಡಡಿ ಆಳಕ್ಕೆ ಸೀಳಿಸಿಬಿಡಿ. ಸೀಳು ಇಳಿಜಾರಿಗೆ ಅಡ್ಡವಾಗಿರಲಿ. ಉದ್ದಕ್ಕೆ ಸೀಳಿದರೆ ನೀವೇ ನೀರಿಗೆ ದಾರಿ ಮಾಡಿಕೊಟ್ಟ ಹಾಗೆ.

ಆಮೇಲೆ ಜನರ ಕೈಕೆಲಸ, ಸಮಪಾತಳಿಯ ಟ್ರೆಂಚ್. ಇಳಿಜಾರಿಗೆ ಅಡ್ಡವಾಗಿ, ಒಂದೇ ಎತ್ತರದ ಗೆರೆಯಲ್ಲಿ ತೋಡುವ ಉದ್ದನೆಯ ಗುಂಡಿ ಅದು. ಸಮಪಾತಳಿ ಅಂದ್ರೆ ಹೆದರಬೇಡಿ. ಗಾರೆ ಕೆಲಸದವರ ಹತ್ತಿರ ನೀರು ತುಂಬಿದ ಪಾರದರ್ಶಕ ಪೈಪ್ ಇರುತ್ತದಲ್ಲ, ಅದೇ ಸಾಕು. ಅದೂ ಇಲ್ಲದಿದ್ದರೆ ಆರಡಿಯ ಎರಡು ಕೋಲನ್ನು ಮೇಲೆ ಸೇರಿಸಿ ಕಟ್ಟಿ, ನಡುವೆ ಒಂದು ಅಡ್ಡಪಟ್ಟಿ ಬಿಗಿದು, ತುದಿಯಿಂದ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಡಿ. ಸಮ ನೆಲದಲ್ಲಿ ನಿಲ್ಲಿಸಿದಾಗ ದಾರ ಅಡ್ಡಪಟ್ಟಿಯ ಮೇಲೆ ಎಲ್ಲಿ ಬರುತ್ತದೋ ಅಲ್ಲಿ ಒಂದು ಗುರುತು ಹಾಕಿ. ಕೋಲನ್ನು ತಿರುಗಿಸಿ ನಿಲ್ಲಿಸಿದಾಗಲೂ ಅದೇ ಗುರುತಿಗೆ ಬಂದರೆ ಸರಿ, ಬೇರೆ ಕಡೆ ಬಂದರೆ ಎರಡು ಗುರುತಿನ ನಡುವೆ ನಿಜವಾದ ಗುರುತು. ಈಗ ಇಳಿಜಾರಿನಲ್ಲಿ ಒಂದು ಕಾಲು ಊರಿ, ಇನ್ನೊಂದು ಕಾಲನ್ನು ಮೇಲೆ ಕೆಳಗೆ ಸರಿಸುತ್ತಾ ದಾರ ಗುರುತಿಗೆ ಬಂದಾಗ ಅಲ್ಲೊಂದು ಗೂಟ ಹೊಡೆಯಿರಿ. ಹಾಗೆ ಕಾಲು ತಿರುಗಿಸುತ್ತಾ ಹೋದರೆ ಗೂಟಗಳು ಹಾವಿನ ಹಾಗೆ ಡೊಂಕಾಗಿ ಬರುತ್ತವೆ. ಅದನ್ನು ನೆಟ್ಟಗೆ ಮಾಡಲು ಹೋಗಬೇಡಿ. ಆ ಡೊಂಕೇ ಸರಿ. ನಮ್ಮ ಜೊತೆ ಕೆಲಸಕ್ಕೆ ಬಂದ ಹೈಸ್ಕೂಲ್ ಹುಡುಗಿಯರು ಒಂದು ಮಧ್ಯಾಹ್ನದಲ್ಲಿ ಇದನ್ನು ಕಲಿತು, ಸಂಜೆಗೆ ನಮ್ಮ ತಪ್ಪು ಗೂಟಗಳನ್ನು ಕಿತ್ತು ಸರಿ ಮಾಡಿದರು.

ಹತ್ತಡಿ ಉದ್ದ, ಎರಡಡಿ ಅಗಲ, ಒಂದೂವರೆ ಅಡಿ ಆಳದ ಒಂದು ಟ್ರೆಂಚ್ 850 ಲೀಟರ್‌ನಷ್ಟು ನೀರು ಹಿಡಿಯುತ್ತದೆ. ಅಗೆದ ಮಣ್ಣನ್ನು ಕೆಳಗಿನ ಅಂಚಿಗೆ ಬದು ಮಾಡಿ. ಎರಡು ಟ್ರೆಂಚ್ ನಡುವೆ ಎರಡಡಿ ಜಾಗ ಅಗೆಯದೆ ಬಿಡಿ, ಕೆಳಗಿನ ಸಾಲಿನ ಟ್ರೆಂಚ್ ಆ ಖಾಲಿ ಜಾಗಕ್ಕೆ ಎದುರಾಗಿ ಬರಲಿ. ಇದು ಗಟ್ಟಿ ಬೆಂಚಿಗೆ, ಮಲಗಿದ ಇಳಿಜಾರಿಗೆ ಮಾತ್ರ. ಸಡಿಲವಾದ ಕಡಿದಾದ ಮೈಯಲ್ಲಿ ಟ್ರೆಂಚ್ ತೋಡಬೇಡಿ, ನೀರು ಒಳಗೆ ತುಂಬಿ ಗುಡ್ಡೆಯೇ ಜಾರಬಹುದು. ಅಲ್ಲಿಗೆ ತೆಂಗಿನ ನಾರಿನ ಚಾಪೆ ಹಾಸಿ ಗೂಟ ಹೊಡೆಯುವುದು, ಅಡ್ಡಡ್ಡ ಸಾಲಾಗಿ ಲಾವಂಚ ನೆಡುವುದು, ಚಿಕ್ಕ ಕೊರಕಲುಗಳಿಗೆ ಕಲ್ಲು ಅಥವಾ ಕಟ್ಟಿಗೆಯ ತಡೆ ಕಟ್ಟುವುದು. ಕೊರಕಲನ್ನು ಮೇಲಿನಿಂದ ಕಟ್ಟುತ್ತಾ ಬನ್ನಿ. ಕೆಳಗಿನಿಂದ ಶುರು ಮಾಡಿದರೆ ಮೊದಲ ಜೋರು ಮಳೆಗೆ ಎಲ್ಲಾ ಕೊಚ್ಚಿಹೋಗುತ್ತದೆ. ನಾವು ಇದನ್ನು ಅನುಭವಿಸಿ ಕಲಿತೆವು.

ಮಣ್ಣು ತಂದು ಹಾಕುವುದು, ಮಣ್ಣು ಮಾಡುವುದು

ಹೊಸದಾಗಿ ಅಗೆಯುವ ಗಣಿಯಾದರೆ ಮೇಲ್ಮಣ್ಣನ್ನು ಬೇರೆಯಾಗಿ ತೆಗೆದಿಡಬೇಕು. ಆಳೆತ್ತರಕ್ಕಿಂತ ಜಾಸ್ತಿ ಗುಡ್ಡೆ ಹಾಕಬಾರದು, ಒಳಗಿನ ಜೀವ ಉಸಿರುಕಟ್ಟಿ ಸಾಯುತ್ತದೆ. ಮೇಲೆ ಹುರುಳಿ ಚೆಲ್ಲಿ ಮುಚ್ಚಿಡಿ. ಆದಷ್ಟು ಬೇಗ ಬಳಸಿ. ವರ್ಷಗಟ್ಟಲೆ ಇಟ್ಟರೆ ಅದೂ ಬರೀ ಮಣ್ಣಾಗುತ್ತದೆ.

ಹಳೆ ಡಂಪಿಗೆ ಈ ಭಾಗ್ಯ ಇಲ್ಲ. ಆಗ ಕೆರೆ ಹೂಳು ನೆನಪಾಗುತ್ತದೆ. ಒಳ್ಳೆಯ ವಸ್ತುವೇ, ಆದರೆ ಯಾವ ಕೆರೆಯದು ಅಂತ ನೋಡಿ. ಗಣಿಯ ಕೆಳಗಿನ ಕೆರೆಯಾದರೆ ಅದರ ಹೂಳು ಇದೇ ಡಂಪಿನಿಂದ ಹರಿದು ಹೋದ ಕೆಂಪು ಕೆಸರು. ಲಾರಿ ಬಾಡಿಗೆ ಕೊಟ್ಟು ಅದನ್ನೇ ವಾಪಸ್ ತಂದು ಹಾಕಿದಂತಾಗುತ್ತದೆ. ಕಪ್ಪಗಿರುವ, ಒಣಗಿದಾಗ ಬಾಯಿ ಬಿಡುವ ಹೂಳು ಬೇಕು. ಅದನ್ನು ಇಡೀ ಎಕರೆಗೆ ಹರಡುವಷ್ಟು ಸಿಗುವುದಿಲ್ಲ, ಬೇಕಾಗಿಯೂ ಇಲ್ಲ. ಟ್ರೆಂಚಿನ ಬದುವಿಗೆ, ಗುಂಡಿಗಳಿಗೆ ಹಾಕಿ. ಜೊತೆಗೆ ಕೊಟ್ಟಿಗೆ ಗೊಬ್ಬರ. ಕುರಿ ಗೊಬ್ಬರ ಸಿಕ್ಕರೆ ಇನ್ನೂ ಚೆನ್ನ. ಬಳ್ಳಾರಿ ಸೀಮೆಯಲ್ಲಿ ಕುರಿಗಾಹಿಗಳು ಹೊಲದಲ್ಲಿ ಕುರಿ ತರುಬುತ್ತಾರಲ್ಲ, ಅಂದ್ರೆ ರಾತ್ರಿ ಮಂದೆ ನಿಲ್ಲಿಸುತ್ತಾರಲ್ಲ, ಹಾಗೆಯೇ ಮಳೆಗೆ ಮುಂಚೆ ಡಂಪಿನ ಸಮ ಜಾಗದಲ್ಲಿ ನಾಲ್ಕು ರಾತ್ರಿ ಕುರಿ ತರುಬಿಸಿ ನೋಡಿ. ಗೊಬ್ಬರದ ಜೊತೆ ಬೀಜವೂ ಬರುತ್ತದೆ. ಅದರಲ್ಲಿ ಬಳ್ಳಾರಿ ಜಾಲಿಯ ಬೀಜವೂ ಇರುತ್ತದೆ ಅನ್ನುವುದು ತಲೆಯಲ್ಲಿರಲಿ, ಮೊಳೆತ ಕೂಡಲೇ ಕಿತ್ತುಬಿಡಿ. ಬೇರೂರಿದ ಮೇಲೆ ಅದು ನಿಮ್ಮ ಮಾತು ಕೇಳುವುದಿಲ್ಲ.

ಮೇಲೆ ಹೊದಿಕೆ ಬೇಕು. ಜೋಳದ ದಂಟು, ಶೇಂಗಾ ಹೊಟ್ಟು, ತೊಗರಿ ಕಟ್ಟಿಗೆ, ಏನು ಅಗ್ಗವಾಗಿ ಸಿಗುತ್ತದೋ ಅದು. ಗಾಳಿಗೆ ಹಾರದಂತೆ ಕಲ್ಲು ಹೇರಿ.

ಮೊದಲ ವರ್ಷ ಹುಲ್ಲು, ಕಾಳು, ಪೊದೆ

ಕೋರ್ಟ್ ಹೇಳಿದ ಹುಲ್ಲು ಇಲ್ಲಿ ಬಂತು. ಗಿಡ ನೆಡುವ ಆಸೆ ಎಲ್ಲರಿಗೂ ಇರುತ್ತದೆ. ನೆಟ್ಟ ದಿನವೇ ಕಣ್ಣಿಗೆ ಕಾಣುತ್ತದೆ, ಫೋಟೋ ಬರುತ್ತದೆ. ಪರಿಸರ ದಿನವಾದ ಜೂನ್ ಐದರಂದೇ ನೆಡಬೇಕು ಅಂತ ಮೇಲಿನಿಂದ ಸೂಚನೆಯೂ ಬರುತ್ತದೆ. ನಮ್ಮ ಸೀಮೆಯಲ್ಲಿ ಜೂನ್ ಐದಕ್ಕೆ ನೆಲ ಇನ್ನೂ ಹಸಿಯಾಗಿರುವುದಿಲ್ಲ. ದಯವಿಟ್ಟು ಒಂದು ವರ್ಷ ತಡೆಯಿರಿ. ಮೊದಲ ಮಳೆಗಾಲ ಹುಲ್ಲಿಗೆ ಬಿಡಿ. ಹುಲ್ಲಿನ ಬೇರು ಮಣ್ಣಿನ ಕಣಗಳನ್ನು ಕಟ್ಟಿ ಹಾಕುತ್ತದೆ, ಸತ್ತ ಎಲೆ ಸಾವಯವ ಇಂಗಾಲವಾಗುತ್ತದೆ, ನೆರಳಿಲ್ಲದ ನೆಲದ ಬಿಸಿ ಇಳಿಯುತ್ತದೆ. ಇಷ್ಟಾದ ಮೇಲೆ ನೆಟ್ಟ ಸಸಿ ಬದುಕುತ್ತದೆ.

ಸ್ಟೈಲೋ ಅನ್ನುವ ಮೇವಿನ ಬೆಳೆ ಬಡ ಮಣ್ಣಿಗೆ ಹೇಳಿ ಮಾಡಿಸಿದ್ದು. ದ್ವಿದಳ ಜಾತಿ, ಗಾಳಿಯ ಸಾರಜನಕ ಹಿಡಿದು ಮಣ್ಣಿಗೆ ಕೊಡುತ್ತದೆ. ಎಕರೆಗೆ ಮೂರ್ನಾಲ್ಕು ಕೆಜಿ ಬೀಜ ಸಾಕು. ಬೀಜದ ಸಿಪ್ಪೆ ಗಟ್ಟಿ. ಕುದಿಸಿದ ನೀರನ್ನು ಒಲೆಯಿಂದ ಇಳಿಸಿ, ಎರಡು ಮೂರು ನಿಮಿಷ ಬಿಟ್ಟು, ಬಟ್ಟೆಯಲ್ಲಿ ಕಟ್ಟಿದ ಬೀಜ ಅದ್ದಿ ಬೇಗ ತೆಗೆದು ತಣ್ಣೀರಿಗೆ ಹಾಕಿ, ಒಂದು ರಾತ್ರಿ ನೆನೆಸಿ ಬಿತ್ತಿ. ಜೊತೆಗೆ ಅಂಜನ್ ಹುಲ್ಲು, ಗುಡ್ಡದ ಕರಡದ ಹುಲ್ಲು, ಒಂದಿಷ್ಟು ಹುರುಳಿ, ಸೆಣಬು. ಹುಲ್ಲಿನ ಬೀಜ ಗಾಳಿಗೆ ಹಾರುವಷ್ಟು ಹಗುರ. ಜರಡಿ ಹಿಡಿದ ಸಗಣಿ ಗೊಬ್ಬರ, ಒದ್ದೆ ಮಣ್ಣು ಸೇರಿಸಿ ಕಲಸಿ ಚೆಲ್ಲಿ. ಆಳಕ್ಕೆ ಮುಚ್ಚಬೇಡಿ, ಮುಳ್ಳು ಕೊಂಬೆ ಎಳೆದಾಡಿಸಿದರೆ ಸಾಕು. ಸೆಣಬು ಹೂ ಬಿಟ್ಟಾಗ ಕತ್ತರಿಸಿ ಅಲ್ಲೇ ಹಾಸಿ.

ಪೊದೆಗಳಲ್ಲಿ ನನ್ನ ಮೊದಲ ಆಯ್ಕೆ ಬಂದರಿ, ಎರಡನೆಯದು ತಂಗಡಿ. ಒಮ್ಮೆ ಗುಡ್ಡದ ಬುಡದಲ್ಲಿ ಕುರಿ ಮೇಯಿಸುತ್ತಿದ್ದ ಅಜ್ಜನ ಹತ್ತಿರ, "ಯಜಮಾನ್ರೇ, ಇಲ್ಲಿ ಏನು ಹಾಕಿದ್ರೆ ಉಳೀತದ?" ಅಂತ ಕೇಳಿದೆ. ಅವರು ಕೋಲಿನಿಂದ ಸುತ್ತ ತೋರಿಸಿ, "ನಮ್ ಕುರಿ ಏನ್ ಮುಟ್ಟಂಗಿಲ್ಲೋ ಅದನ್ನ ಹಾಕ್ರಿ" ಅಂದರು. ಕೋಲು ತೋರಿಸಿದ ಕಡೆ ಇದ್ದದ್ದು ಬಂದರಿ, ತಂಗಡಿ. ಎರಡನ್ನೂ ಕುರಿ ಮೇಕೆ ಸುಲಭಕ್ಕೆ ತಿನ್ನುವುದಿಲ್ಲ. ಬೇಲಿಗೆ ದುಡ್ಡಿಲ್ಲದವರಿಗೆ ಇದಕ್ಕಿಂತ ಒಳ್ಳೆಯ ಸಲಹೆ ನನಗೆ ಗೊತ್ತಿಲ್ಲ. ಬದುವಿನ ಮೇಲೆ ಇವನ್ನು ದಟ್ಟವಾಗಿ ಬಿತ್ತಿದರೆ ಮುಂದಿನ ವರ್ಷ ಅವುಗಳ ಮರೆಯಲ್ಲಿ ಮರದ ಸಸಿ ಇಡಬಹುದು. ಬಿಸಿಲಿಗೂ ಮರೆ, ಮೇಕೆಗೂ ಮರೆ.

ಬೀಜದುಂಡೆ ಬಗ್ಗೆ ಒಂದು ಮಾತು. ಮಕ್ಕಳು ಖುಷಿಯಿಂದ ಉಂಡೆ ಕಟ್ಟುತ್ತಾರೆ, ಕಟ್ಟಲಿ. ಆದರೆ ಅದನ್ನು ಬೋಳು ಇಳಿಜಾರಿಗೆ ಎಸೆದರೆ ಉರುಳಿ ಬುಡಕ್ಕೆ ಬರುತ್ತದೆ, ಗಟ್ಟಿ ನೆಲದ ಮೇಲೆ ಬಿದ್ದರೆ ಒಣಗುತ್ತದೆ. ಟ್ರೆಂಚಿನ ಬದುವಿನಲ್ಲಿ ಬೆರಳಿನಿಂದ ಕುಳಿ ಮಾಡಿ ಇಡಿಸಿ. ಅದೇ ಮಕ್ಕಳು, ಅದೇ ಉಂಡೆ, ಫಲ ಬೇರೆ.

ಎರಡನೇ ಮಳೆಗಾಲ: ಮರದ ಸಸಿ

ಯಾವ ಮರ? ಸುತ್ತಲಿನ ಗುಡ್ಡ ನೋಡಿ. ಕಮರ, ಕಗ್ಗಲಿ, ದಿಂಡಿಗ, ಮುತ್ತುಗ, ಕಕ್ಕೆ, ಬಾಗೆ, ಬೇವು, ಹೊಂಗೆ, ಸೀತಾಫಲ, ಎಲಚಿ, ಅತ್ತಿ. ನೀಲಗಿರಿ, ಅಕೇಶಿಯ ಬೇಗ ಬೆಳೆಯುತ್ತವೆ ಅಂತ ಆಸೆಪಡಬೇಡಿ. ಕೆಳಗೆ ಹುಲ್ಲು ಬಾರದ ಮರದಿಂದ ಈ ನೆಲಕ್ಕೆ ಏನು ಪ್ರಯೋಜನ? ಬಳ್ಳಾರಿ ಜಾಲಿಯನ್ನಂತೂ ನೆಡಬೇಡಿ, ಅದು ಕರೆಯದಿದ್ದರೂ ಬರುತ್ತದೆ.

ಬೀಜದ ವಿಷಯದಲ್ಲಿ ಕಾಲ ತಪ್ಪಬಾರದು. ಬೇವಿನ ಬೀಜ ಬಿದ್ದ ಎರಡು ಮೂರು ವಾರದಲ್ಲೇ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತಾ ಹೋಗುತ್ತದೆ. ಹಣ್ಣು ಆಯ್ದು, ತಿರುಳು ತೊಳೆದು, ನೆರಳಲ್ಲಿ ಆರಿಸಿ ಕೂಡಲೇ ಹಾಕಿ. ಹೋದ ವರ್ಷದ ಬೇವಿನ ಬೀಜ ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿ. ಹೊಂಗೆ ಬೀಜ ಕೆಲವು ತಿಂಗಳು ತಡೆಯುತ್ತದೆ, ಹಾಗೆಯೇ ಬಿತ್ತಬಹುದು. ಕಕ್ಕೆ, ಬಾಗೆ, ತಂಗಡಿ ಗಟ್ಟಿ ಬೀಜ, ಬಿಸಿನೀರಿನಲ್ಲಿ ಹಾಕಿ ಅದು ತಣ್ಣಗಾಗುವವರೆಗೆ ರಾತ್ರಿಯಿಡೀ ಬಿಡಿ. ಊದಿಕೊಂಡ ಬೀಜ ಬಿತ್ತಿ, ಊದದೆ ಉಳಿದದ್ದನ್ನು ಮತ್ತೊಮ್ಮೆ ನೆನೆಸಿ. ಕಮರದ ತಾಯಿಬೇರು ಬಲು ಬೇಗ ಆಳಕ್ಕೆ ಹೋಗುತ್ತದೆ, ಚೀಲದಲ್ಲಿ ಬೆಳೆಸಿದರೆ ಬೇರು ಸುರುಳಿ ಸುತ್ತುತ್ತದೆ. ಅದನ್ನು ನೇರವಾಗಿ ಜಾಗದಲ್ಲೇ ಬಿತ್ತುವುದು ಒಳ್ಳೆಯದು, ಒಂದು ಕುಳಿಗೆ ಮೂರು ಬೀಜ.

ಗುಂಡಿ ಬೇಸಿಗೆಯಲ್ಲೇ ತೆಗೆದಿಡಿ, ಒಂದೂವರೆ ಅಡಿ ಎಲ್ಲಾ ಕಡೆ. ತುಂಬುವಾಗ ಒಂದು ಪಾಲು ಅಲ್ಲಿನದೇ ಮಣ್ಣು ಕಲ್ಲು ಆರಿಸಿ, ಒಂದು ಪಾಲು ಹೂಳು, ಒಂದು ಪಾಲು ಕಳಿತ ಗೊಬ್ಬರ, ಮೇಲೆ ಗುಡ್ಡದಿಂದ ತಂದ ಮಣ್ಣು ಒಂದು ಬೊಗಸೆ. ಬರೀ ಗೊಬ್ಬರ ತುಂಬಬೇಡಿ. ಬೇರಿಗೆ ಒಳಗೇ ಸುಖವಾದರೆ ಹೊರಗಿನ ಗಟ್ಟಿ ಮಣ್ಣಿಗೆ ಹೋಗುವುದೇ ಇಲ್ಲ.

ಎರಡು ಹದ ಮಳೆ ಬಿದ್ದು ಒಂದಡಿ ಆಳಕ್ಕೆ ಹಸಿ ಇಳಿದ ಮೇಲೆ ನೆಡಿ. ಅದು ಜುಲೈ ಆಗಬಹುದು, ಆಗಸ್ಟ್ ಆಗಬಹುದು. ಎತ್ತರದ ಸಸಿ ಬೇಡ. ಆಳುದ್ದದ ಸಸಿಗೆ ಎಲೆ ಜಾಸ್ತಿ, ಬೇರು ಕಡಿಮೆ, ಡಂಪಿನ ಗಾಳಿಗೆ ಎರಡೇ ದಿನದಲ್ಲಿ ಬಾಡುತ್ತದೆ. ಒಂದು ಒಂದೂವರೆ ಅಡಿಯ, ಕಾಂಡ ಗಟ್ಟಿಯಾದ ಸಸಿ ಆರಿಸಿ. ಪ್ಲಾಸ್ಟಿಕ್ ಚೀಲವನ್ನು ಪೂರ್ತಿ ಸೀಳಿ ತೆಗೆಯಿರಿ, ಬುಡದಲ್ಲಿ ಸುರುಳಿ ಸುತ್ತಿದ ಬೇರಿದ್ದರೆ ಕತ್ತರಿಸಿ. ಕೂಲಿಗೆ ನೆಡುವಾಗ ಅವಸರದಲ್ಲಿ ಚೀಲದ ಸಮೇತ ಹೂತಿರುವುದನ್ನು ನಾನೇ ಕಿತ್ತು ನೋಡಿದ್ದೇನೆ. ಒಂದು ವರ್ಷವಾದರೂ ಬೇರು ಚೀಲದೊಳಗೇ ಗಂಟುಕಟ್ಟಿ ಕೂತಿತ್ತು. ಸಸಿಯ ಕೆಳಬದಿಗೆ ಅರ್ಧಚಂದ್ರಾಕಾರದ ಬದು ಕಟ್ಟಿ, ಮೇಲಿನಿಂದ ಬಂದ ನೀರು ಅಲ್ಲಿ ತಂಗಬೇಕು. ಬುಡದ ಸುತ್ತ ಚಪ್ಪಟೆ ಕಲ್ಲು ಹಾಸಿ. ಕಲ್ಲಿಗೇನೂ ಬರವಿಲ್ಲ ಅಲ್ಲಿ.

ಕೆಸರು ತುಂಬಿದ ಹೊಲಕ್ಕೆ

ಡಂಪಿನ ಕೆಳಗೆ ಹೊಲ ಇರುವವರು ಇದನ್ನು ಓದುತ್ತಿದ್ದರೆ, ನಿಮ್ಮ ಕೆಲಸ ಬೇರೆ. ಮೊದಲು ಮೇಲಿನಿಂದ ಬರುವ ನೀರಿಗೆ ತಡೆ ಆಗಬೇಕು, ಅದಾಗದೆ ಹೊಲಕ್ಕೆ ಒಂದು ರೂಪಾಯಿಯೂ ಹಾಕಬೇಡಿ. ಕೆಸರು ಒಣಗಿದ ಮೇಲೆ ಹೆಂಚಿನ ಹಾಗೆ ಬಿಲ್ಲೆ ಬಿಲ್ಲೆಯಾಗಿ ಏಳುತ್ತದೆ. ಹಾಗೆ ಎದ್ದಾಗಲೇ ಕೆರೆದು ಹೊರಹಾಕುವುದು ಸುಲಭ, ಮತ್ತೊಂದು ಮಳೆ ಬಿದ್ದರೆ ಅಂಟಿಕೊಳ್ಳುತ್ತದೆ. ಎರಡು ಮೂರು ಬೆರಳಿನಷ್ಟೇ ತೆಳುವಾಗಿದ್ದರೆ ಗೊಬ್ಬರ ಹಾಕಿ ಆಳವಾಗಿ ಉಳುಮೆ ಮಾಡಿ ಬೆರೆಸಬಹುದು, ಗೇಣುದ್ದ ತುಂಬಿದ್ದರೆ ಕೆರೆದು ತೆಗೆಯದೆ ದಾರಿಯಿಲ್ಲ. ತೆಗೆಯುವ ಮೊದಲು ಫೋಟೋ ತೆಗೆದು, ಪಂಚನಾಮೆ ಮಾಡಿಸಿ, ಪರಿಹಾರದ ಅರ್ಜಿ ಕೊಡಿ. ಮೊದಲ ಬೆಳೆ ಸೆಣಬು ಅಥವಾ ಹುರುಳಿ, ಹೂವಿನಲ್ಲೇ ಮಣ್ಣಿಗೆ ಸೇರಿಸಿ. ಹೊಲದ ಮೇಲಂಚಿಗೆ ಲಾವಂಚದ ಎರಡು ಸಾಲು ಒತ್ತಾಗಿ ಹಾಕಿದರೆ ಕೆಸರು ಅಲ್ಲೇ ನಿಂತು ನೀರು ಮಾತ್ರ ಕೆಳಗೆ ಬರುತ್ತದೆ.

ಬೇಸಿಗೆ, ಮೇಕೆ, ಬೆಂಕಿ

ಮೊದಲ ಎರಡು ಬೇಸಿಗೆ ನೀರು ಕೊಡಲೇಬೇಕು. ಡಿಸೆಂಬರ್‌ನಿಂದ ಮೇವರೆಗೆ ಹತ್ತು ಹದಿನೈದು ದಿನಕ್ಕೊಮ್ಮೆ ಹತ್ತು ಲೀಟರ್, ಮೇಲೆ ಸುರಿಯದೆ ಬೇರಿಗೆ ಹೋಗುವ ಹಾಗೆ. ತಳದಲ್ಲಿ ಸಣ್ಣ ತೂತು ಮಾಡಿ ಬತ್ತಿ ಇಟ್ಟ ಮಣ್ಣಿನ ಮಡಕೆಯನ್ನು ಬುಡದ ಪಕ್ಕ ಹೂತು, ಬಾಯಿಗೆ ಕಲ್ಲು ಮುಚ್ಚಿದರೆ ನೀರು ಆವಿಯಾಗುವುದಿಲ್ಲ. ಎಲ್ಲ ಗಿಡಕ್ಕೂ ಕೊಡುವಷ್ಟು ನೀರಿಲ್ಲ ಅಂದ್ರೆ ಅರ್ಧ ಗಿಡ ಮಾತ್ರ ನೆಡಿ.

ಮೇಯಿಸುವವರನ್ನು ಶತ್ರು ಅಂತ ನೋಡಬೇಡಿ. ಗಣಿ ಬಂದ ಮೇಲೆ ಅವರ ಮೇವಿನ ಗುಡ್ಡವೇ ಹೋಗಿದೆ. ಮುಳ್ಳುಬೇಲಿ ಹಾಕುವ ಮೊದಲು ಅವರ ಜೊತೆ ಕೂತು ಮಾತಾಡಿ. ಮೂರು ವರ್ಷ ಒಳಗೆ ಮೇಯಿಸುವುದಿಲ್ಲ, ಬದಲಿಗೆ ಅಕ್ಟೋಬರ್ ನವೆಂಬರ್‌ನಲ್ಲಿ ಹುಲ್ಲು ಕೊಯ್ದುಕೊಂಡು ಹೋಗುವ ಹಕ್ಕು ಅವರದು ಅಂತ ಗ್ರಾಮ ಸಭೆಯಲ್ಲಿ ಬರೆಸಿ. ಹುಲ್ಲು ಕೊಯ್ದರೆ ಬೆಂಕಿಯ ಭಯವೂ ಇಳಿಯುತ್ತದೆ. ಜನವರಿಯೊಳಗೆ ಸುತ್ತ ಹತ್ತಡಿ ಅಗಲ ಹುಲ್ಲು ಕೆರೆದು ಬೆಂಕಿಗೆರೆ ಮಾಡಿಡಿ.

ಎಣಿಸುವುದು

ಒಂದು ದಪ್ಪ ನೋಟ್‌ಬುಕ್ ಇಡಿ. ಯಾವ ಸಾಲಿನಲ್ಲಿ ಯಾವ ಜಾತಿ, ಎಷ್ಟು, ಯಾವತ್ತು ಅಂತ ಬರೆಯಿರಿ. ನಾಲ್ಕು ಕಡೆ ಕಲ್ಲು ನೆಟ್ಟು, ಪ್ರತಿ ವರ್ಷ ಅದೇ ಕಲ್ಲಿನ ಮೇಲೆ ನಿಂತು ಅದೇ ದಿಕ್ಕಿಗೆ ಫೋಟೋ ತೆಗೆಯಿರಿ. ಮಳೆಗಾಲದಲ್ಲಿ ಎಣಿಸಬೇಡಿ, ಆಗ ಎಲ್ಲಾ ಹಸಿರಾಗೇ ಇರುತ್ತದೆ. ಮೇ ತಿಂಗಳಲ್ಲಿ ಎಣಿಸಿ, ಒಣಗಿದಂತೆ ಕಂಡ ಗಿಡದ ತೊಗಟೆಯನ್ನು ಉಗುರಿನಿಂದ ಸ್ವಲ್ಪ ಕೆರೆದು ನೋಡಿ, ಒಳಗೆ ಹಸಿರಿದ್ದರೆ ಜೀವ ಇದೆ. ಸತ್ತ ಕಡೆ ಅದೇ ಜಾತಿಯನ್ನು ಮತ್ತೆ ನೆಡುವ ಮೊದಲು ಪಕ್ಕದಲ್ಲಿ ಯಾವುದು ಬದುಕಿದೆ ಅಂತ ನೋಡಿ, ಅದನ್ನು ಹಾಕಿ.

ಮೂರನೇ ಬೇಸಿಗೆಯಲ್ಲಿ ನೋಟ್‌ಬುಕ್ಕಿಗೆ ಇನ್ನೊಂದು ಪಟ್ಟಿ ಸೇರಿಸಿ, ನೀವು ನೆಡದೆ ಬಂದದ್ದು. ಗೆದ್ದಲು ಗೂಡು, ಇರುವೆ ಸಾಲು, ಹಕ್ಕಿ ಹಿಕ್ಕೆಯಿಂದ ಮೊಳೆತ ಬೇವು, ಹೊದಿಕೆಯ ಕೆಳಗೆ ಬಿಳಿ ಬೂಷ್ಟು. ಮೊದಲ ದಿನ ನೀರು ಸುರಿದ ಗುಂಡಿಯ ಪಕ್ಕದಲ್ಲೇ ಅದೇ ಅಳತೆಯ ಇನ್ನೊಂದು ಗುಂಡಿ ತೋಡಿ, ಅದೇ ಕೊಡದಲ್ಲಿ ನೀರು ಸುರಿದು, ಇಳಿಯಲು ಎಷ್ಟು ಹೊತ್ತಾಯಿತು ಅಂತ ಬರೆದಿಡಿ.